ಹೃದಯದ ಚೀಲಕ್ಕೊಂದು ಮುಚ್ಚಳ

ವಿರಾಜಪೇಟೆ ಕಡೆಯ ತೋಟದ ಮನೆಯಿಂದ ಮೈಸೂರಿನ ಕ್ಯಾಥ್ ಲ್ಯಾಬಿಗೆ (ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆ) ಬಂದ ಅಜ್ಜಿಗೆ 76 ವರ್ಷ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ನಡುಗುವ ಕಾಯಿಲೆ, ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ. ಲಕ್ವದ ಅಪಾಯ ಅಳೆಯುವ ಲೆಕ್ಕದಲ್ಲಿ ವಯಸ್ಸಿಗೆ 2, ಬಿಪಿಗೆ 1, ಸಕ್ಕರೆಗೆ 1, ಹೆಣ್ಣಾದ್ದಕ್ಕೆ 1: ಒಟ್ಟು 5. ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ಆದರೆ ಅಂಥದ್ದೇ ಮಾತ್ರೆಯಾದ ಅಪಿಕ್ಸಬಾನ್ ಶುರುವಾದ ಮೇಲೆ ಎರಡು ಸಲ ಮಲ ಕಪ್ಪಗೆ ಹೋಗಿ, ಹಿಮೋಗ್ಲೋಬಿನ್ 6ಕ್ಕೆ ಇಳಿದು ರಕ್ತ ಹಾಕಬೇಕಾಗಿತ್ತು. ಕರುಳಿನಲ್ಲಿ ಅಲ್ಲಲ್ಲಿ ಉಬ್ಬಿದ ರಕ್ತನಾಳಗಳು. ಒಂದನ್ನು ಸುಟ್ಟರೆ ಇನ್ನೊಂದು ಸೋರುತ್ತಿತ್ತು.

"ಡಾಕ್ಟ್ರೇ, ಬರೀ ಆಸ್ಪಿರಿನ್ ಸಾಲದಾ?" ಮಗ ಕೇಳಿದರು. ಸಾಲದು. ಈ ಕಾಯಿಲೆಯಲ್ಲಿ ಅದು ಲಕ್ವವನ್ನು ತಡೆಯುವುದು ಕಡಿಮೆ, ರಕ್ತಸ್ರಾವದ ಭಯವಂತೂ ಇದ್ದೇ ಇದೆ.

ಹೃದಯದ ಎಡ ಮೇಲ್ಕೋಣೆಗೆ ಹೆಬ್ಬೆರಳಿನಷ್ಟು ದೊಡ್ಡ ಚೀಲವೊಂದು ಅಂಟಿಕೊಂಡಿರುತ್ತದೆ. ಕೋಣೆ ಹಿಂಡದೆ ಬರೀ ನಡುಗುವಾಗ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಕವಾಟದ ಕಾಯಿಲೆ ಇಲ್ಲದವರಲ್ಲಿ ಆ ಕೋಣೆಯ ಹೆಪ್ಪುಗಳಲ್ಲಿ ಸುಮಾರು ಶೇ. 90 ಕಟ್ಟುವುದು ಈ ಚೀಲದಲ್ಲೇ. ಅದಕ್ಕೇ ಅದರ ಬಾಯಿ ಮುಚ್ಚುವುದು. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಇದು ಹೊಂದದು. ಅವರಲ್ಲಿ ಹೆಪ್ಪು ಕೋಣೆಯೊಳಗೂ ಕಟ್ಟುತ್ತದೆ.

ಅರಿವಳಿಕೆ ಕೊಟ್ಟು, ಅನ್ನನಾಳಕ್ಕೆ ಎಕೋ (ಹೃದಯದ ಸ್ಕ್ಯಾನ್) ನಳಿಕೆ ಇಳಿಸಿ ಮೊದಲು ನೋಡಿದ್ದು ಚೀಲದಲ್ಲಿ ಹೆಪ್ಪು ಇದೆಯೇ ಎಂದು. ಇದ್ದಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಬಲ ತೊಡೆಸಂದಿನ ಅಭಿಧಮನಿಯಿಂದ ಮೇಲೇರಿ, ಹೃದಯದ ನಡುಗೋಡೆಯ ಕೆಳ-ಹಿಂಭಾಗದಲ್ಲಿ ಚುಚ್ಚಿ ಎಡಕ್ಕೆ ದಾಟಬೇಕು. ಮೇಲೆ ಚುಚ್ಚಿದರೆ ನಳಿಕೆ ಚೀಲದ ಬಾಯಿಗೆ ನೇರವಾಗದೆ ದಿನವಿಡೀ ಒದ್ದಾಟ. ಕೆಲಸದ ನಡುವೆ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಟ್ಟು, ಎಸಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು, 250 ಸೆಕೆಂಡಿಗಿಂತ ಮೇಲಿಟ್ಟರು. ರಾತ್ರಿಯಿಂದ ಉಪವಾಸವಿದ್ದ ದೇಹದಲ್ಲಿ ಚೀಲ ಕುಗ್ಗಿರುತ್ತದೆ. ಹಾಗೇ ಅಳೆದರೆ ಚಿಕ್ಕ ಮುಚ್ಚಳ ಆರಿಸಿ, ಆಮೇಲೆ ಅದು ಜಾರಿ ಹೋಗಬಹುದು. ಸಲೈನ್ ಹರಿಸಿ ಕೋಣೆಯ ಒತ್ತಡ 12 ಮಿ.ಮೀ. ಪಾದರಸ ದಾಟಿದ ಮೇಲೆ ಅಳೆದಾಗ ಬಾಯಿ 22 ಮಿ.ಮೀ. ಇತ್ತು. 27 ಮಿ.ಮೀ.ನ ವಾಚ್‌ಮನ್ ಎಫ್‌ಎಲ್‌ಎಕ್ಸ್ ಎಂಬ ಮುಚ್ಚಳ ಕೂರಿಸಿ, ಮೆಲ್ಲಗೆ ಎಳೆದು ನೋಡಿದರು, ಅಲುಗಲಿಲ್ಲ. ಶೇ. 19ರಷ್ಟು ಅದುಮಿಕೊಂಡಿತ್ತು, ಬೇಕಾದದ್ದು 10ರಿಂದ 30. ಸುತ್ತ ಸೋರಿಕೆ ಕಾಣದ ಮೇಲಷ್ಟೇ ತಂತಿ ಬಿಡಿಸಿದರು. ಇಡೀ ಹೊತ್ತು ಒಬ್ಬರ ಕಣ್ಣು ಬಿಪಿಯ ಮೇಲೇ ಇತ್ತು: ಅದು ತಟ್ಟನೆ ಬಿದ್ದರೆ ಹೃದಯದ ಹೊರಪೊರೆಯಲ್ಲಿ ರಕ್ತ ತುಂಬುತ್ತಿದೆಯೆಂದು ಅನುಮಾನಿಸಿ ತಕ್ಷಣ ಎಕೋ ನೋಡಬೇಕು.

ಸಂಜೆ ಮಗನಿಗೆ ಹೇಳಿದ ಮಾತು, ನನ್ನ ಮಟ್ಟಿಗೆ, ಬೆಳಗಿನ ಕೆಲಸದಷ್ಟೇ ಮುಖ್ಯ. ಮುಚ್ಚಳದ ಮೇಲೆ ಪೊರೆ ಬೆಳೆಯುವವರೆಗೆ ಅಲ್ಲೂ ಹೆಪ್ಪು ಕಟ್ಟಬಹುದು. ಹಾಗಾಗಿ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ. ಸಾಮಾನ್ಯವಾಗಿ ಇವೆರಡೂ ಆರು ತಿಂಗಳು. ಕರುಳು ಸೋರುವ ಈ ಅಜ್ಜಿಗೆ ಮೂರೇ ತಿಂಗಳು, ಆಮೇಲೆ ಒಂದೇ. ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬೇಡ, ಅದು ಕ್ಲೋಪಿಡೋಗ್ರೆಲ್ಲಿನ ಬಲ ಕುಗ್ಗಿಸುತ್ತದೆ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತರಬಾರದು, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಎರಡು ವಾರಕ್ಕೊಮ್ಮೆ ವಿರಾಜಪೇಟೆಯಲ್ಲೇ ಹಿಮೋಗ್ಲೋಬಿನ್ ನೋಡಿಸಬೇಕು.

45ನೇ ದಿನದ ಎಕೋ ತಪ್ಪಿಸಬಾರದು: ಮುಚ್ಚಳದ ಮೇಲೆ ಹೆಪ್ಪು ಕಟ್ಟಿದೆಯೇ, ಪಕ್ಕದಲ್ಲಿ 5 ಮಿ.ಮೀ.ಗಿಂತ ಹೆಚ್ಚಿನ ಸೋರಿಕೆ ಇದೆಯೇ ಗೊತ್ತಾಗುವುದು ಅಲ್ಲೇ. ಮೇ ಕೊನೆಯಲ್ಲಿ ಮಾಡಿದ್ದರಿಂದ ಆ ದಿನ ಬೀಳುವುದು ಜುಲೈ ಮಳೆಯಲ್ಲಿ. ಬರೆ ಜರಿದು ರಸ್ತೆ ಕಟ್ಟಾಗುವ ಕಾಲ. ಎರಡು ದಿನ ಮೊದಲೇ ಮೈಸೂರಿನ ನೆಂಟರ ಮನೆಗೆ ಕರೆತರುತ್ತೇನೆಂದು ಮಗ ಚೀಟಿಯ ಹಿಂದೆ ತಾರೀಖು ಬರೆದುಕೊಂಡರು.