ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟ ನೋವಾ?

ನಾನು ಅರಿವಳಿಕೆ ವೈದ್ಯೆ. ಮದುವೆ ಮನೆಯಲ್ಲಾಗಲಿ, ಬಸ್ಸಲ್ಲಾಗಲಿ, ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ ಹೆಂಗಸರು ಕೇಳುವ ಪ್ರಶ್ನೆ ಒಂದೇ. "ಹೆರಿಗೆ ಹೊತ್ತಲ್ಲಿ ಬೆನ್ನಿಗೆ ಇಂಜೆಕ್ಷನ್ ತಗೊಂಡ್ರೆ ಆಮೇಲೆ ಜೀವನಪೂರ್ತಿ ಸೊಂಟ ನೋವಂತೆ, ಹೌದಾ?"

ಇಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯುತ್ತದೆ, ಅಷ್ಟೇ. ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಈ ಇಂಜೆಕ್ಷನ್, ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಬಹುಕಾಲ ಉಳಿಯುವ ಬೆನ್ನುನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಹಾಗಂತ ಬಾಣಂತಿಯರ ಸೊಂಟ ನೋವು ಸುಳ್ಳಲ್ಲ. ಬಸುರಿನಲ್ಲಿ ಹಾರ್ಮೋನುಗಳಿಂದ ಸೊಂಟದ ಕೀಲುಗಳ ಬಿಗಿ ಸಡಿಲವಾಗುತ್ತದೆ. ಹೊಟ್ಟೆಯ ಭಾರ ಬೆನ್ನಿನ ಮೇಲೆ ಬೀಳುತ್ತದೆ. ಹೆರಿಗೆಯಾದ ಮೇಲೆ ಅರ್ಧರಾತ್ರಿ ಎದ್ದು, ಬೆನ್ನಿಗೆ ದಿಂಬಿಲ್ಲದೆ, ಕುತ್ತಿಗೆ ಬಗ್ಗಿಸಿ ಹಾಲು ಕುಡಿಸುವುದು. ದಿನಕ್ಕೆ ಹತ್ತಾರು ಸಲ ಮಗುವನ್ನು ಬಗ್ಗಿ ಎತ್ತುವುದು. ಇಷ್ಟೆಲ್ಲ ಆದರೂ ನೆನಪಿನಲ್ಲಿ ಉಳಿಯುವುದು ಆ ಸೂಜಿ ಮಾತ್ರ. ಆ ಸೂಜಿಯನ್ನೇ ಕಾಣದ ನಮ್ಮ ಅಜ್ಜಿಯರೂ ಸೊಂಟ ಹಿಡಿದುಕೊಂಡೇ ಏಳುತ್ತಿದ್ದರು ಅಲ್ವಾ?

ಬೆನ್ನಿಗೆ ಕೊಡುವ ಇಂಜೆಕ್ಷನ್ ಎಲ್ಲ ಒಂದೇ ಅನ್ನುವ ಇನ್ನೊಂದು ಗೊಂದಲವೂ ಇದೆ. ಸಿಸೇರಿಯನ್‌ಗೆ ಕೊಡುವುದು ಸಾಮಾನ್ಯವಾಗಿ ಸ್ಪೈನಲ್. ಒಂದೇ ಸಲ ಚುಚ್ಚಿ ಔಷಧಿ ಬಿಡುತ್ತೇವೆ, ಕಾಲು ಪೂರ್ತಿ ಮರಗಟ್ಟುತ್ತದೆ. ನಾರ್ಮಲ್ ಹೆರಿಗೆಯ ನೋವಿಗೆ ಕೊಡುವ ಎಪಿಡ್ಯೂರಲ್ ಬೇರೆ. ಮಂಚದ ಅಂಚಿನಲ್ಲಿ ಕೂರಿಸಿ, ದಿಂಬು ತಬ್ಬಿಕೊಳ್ಳಲು ಹೇಳಿ, ಗದ್ದ ಎದೆಗೆ ತಾಗುವ ಹಾಗೆ ಬೆನ್ನು ಬಗ್ಗಿಸುವಂತೆ ಮಾಡುತ್ತೇವೆ. ಎದುರಿಗೆ ನರ್ಸ್ ಭುಜ ಹಿಡಿದಿರುತ್ತಾರೆ. ನೋವಿನ ಅಲೆ ಬಂದರೆ ಕೈ ತಡೆದು ಕಾಯುತ್ತೇನೆ. ಅದು ಇಳಿದ ಮೇಲೆ ಚರ್ಮ ಮರಗಟ್ಟಿಸಿ, ಸೂಜಿಯ ಮೂಲಕ ದಾರದಷ್ಟು ಸಣ್ಣ ಪ್ಲಾಸ್ಟಿಕ್ ನಳಿಕೆ ಸೇರಿಸಿ, ಸೂಜಿಯನ್ನು ಹೊರಗೆ ತೆಗೆದುಬಿಡುತ್ತೇನೆ. ಒಳಗೆ ಉಳಿಯುವುದು ನಳಿಕೆ ಮಾತ್ರ, ಔಷಧಿ ಹೋಗುವುದು ಅದರಲ್ಲೇ. ಸೂಜಿ ಬೆನ್ನಲ್ಲೇ ಇರುತ್ತದೆ ಅಂತ ಹೆದರಿ ಬೇಡ ಅಂದವರನ್ನೂ ನೋಡಿದ್ದೇನೆ. 15-20 ನಿಮಿಷ ಕಳೆದ ಮೇಲೆ ಸ್ಪಿರಿಟ್ ಹತ್ತಿಯನ್ನು ಹೊಟ್ಟೆಗೆ ತಾಗಿಸಿ "ತಣ್ಣಗಿದೆಯೇನಮ್ಮಾ?" ಅಂತ ಕೇಳುತ್ತೇನೆ. "ಒದ್ದೆ ಆಗಿದೆ, ತಣ್ಣಗಿಲ್ಲ" ಅಂದರೆ ಔಷಧಿ ಹಿಡಿದಿದೆ ಅಂತ ಲೆಕ್ಕ.

ತೊಂದರೆಯೇ ಇಲ್ಲ ಅಂತ ಹೇಳಲಾರೆ. ಬಿಪಿ ಇಳಿಯಬಹುದು, ಅದಕ್ಕೇ ಪಕ್ಕದಲ್ಲಿ ಇದ್ದು ನೋಡುತ್ತಿರುತ್ತೇವೆ. ಮೈ ತುರಿಸಬಹುದು, ನಡುಕ ಬರಬಹುದು. ಕೆಲವರಿಗೆ ಒಂದು ಪಕ್ಕ ಮಾತ್ರ ಹಿಡಿಯುತ್ತದೆ, ಆಗ ನಳಿಕೆ ಸರಿಪಡಿಸಬೇಕು. ಸುಮಾರು ನೂರರಲ್ಲಿ ಒಬ್ಬರಿಗೆ, ಎದ್ದು ಕೂತರೆ ಜಾಸ್ತಿಯಾಗುವ ಕೆಟ್ಟ ತಲೆನೋವು ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ನರಕ್ಕೆ ಶಾಶ್ವತ ಪೆಟ್ಟು ತೀರಾ ಅಪರೂಪ. ಮಗುವನ್ನು ಹೊರಗೆ ತಳ್ಳುವ ಹಂತ ಸ್ವಲ್ಪ ಉದ್ದವಾಗಬಹುದು, ಆದರೆ ಇದರಿಂದ ಸಿಸೇರಿಯನ್ ಹೆಚ್ಚುವುದಿಲ್ಲ.

ನನಗೆ ಬೇಜಾರಾಗುವುದು ಪ್ರಶ್ನೆಗಲ್ಲ, ಅದನ್ನು ಕೇಳುವವರು ಯಾರು ಅನ್ನುವುದಕ್ಕೆ. ಒಳಗೆ ಹುಡುಗಿ ಮಂಚದ ಕಂಬಿ ಹಿಡಿದು ಕೂಗುತ್ತಿರುತ್ತಾಳೆ. ಹೊರಗೆ ಅತ್ತೆ ನನ್ನನ್ನು ತಡೆದು, "ಡಾಕ್ಟ್ರೇ, ನಾವೆಲ್ಲ ಹಡೆದಿಲ್ವಾ? ನೋವು ತಿಂದ್ರೇನೇ ಹೆರಿಗೆ" ಅನ್ನುತ್ತಾರೆ. ಗಂಡ ಫೋನ್ ನೋಡುತ್ತಾ ನಿಂತಿರುತ್ತಾನೆ. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ನೋವು ತಿಂದಾಗ ಯಾರೂ ಬಂದು ಏನು ಬೇಕು ಅಂತ ಕೇಳಿರಲಿಲ್ಲ. 1853ರಲ್ಲಿ ವಿಕ್ಟೋರಿಯಾ ರಾಣಿ ಹೆರಿಗೆಗೆ ನೋವು ತಗ್ಗಿಸುವ ಕ್ಲೋರೋಫಾರ್ಮ್ ತೆಗೆದುಕೊಂಡಾಗಲೂ ಬೇಡ ಅನ್ನುವ ವೈದ್ಯರಿದ್ದರು. ಅದು ಅವಳ ಎಂಟನೇ ಹೆರಿಗೆ. ರಾಣಿಗೇ ಏಳು ಹೆತ್ತ ಮೇಲೆ ಸಿಕ್ಕಿತು ನೋಡಿ! ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ನೋವು ಕಡಿಮೆ ಮಾಡಿ ಎಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ಎಪಿಡ್ಯೂರಲ್ ಕೊಡಬಹುದು ಅನ್ನುತ್ತದೆ. ಕೇಳಬೇಕಾದವಳು ಗರ್ಭಿಣಿ.

ನಮ್ಮಲ್ಲಿ ಬೇಕು ಅಂದರೂ ಎಲ್ಲ ಕಡೆ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ತಾಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಅರಿವಳಿಕೆ ವೈದ್ಯರಿದ್ದರೆ ಅವರು ಆಪರೇಷನ್ ಥಿಯೇಟರ್ ಬಿಟ್ಟು ಬರಲಾರರು. ಹಾಗಾಗಿ ಎಂಟನೇ ತಿಂಗಳ ಚೆಕಪ್‌ನಲ್ಲೇ ಕೇಳಿಬಿಡಿ: ರಾತ್ರಿ ಎರಡು ಗಂಟೆಗೆ ನೋವು ಬಂದರೆ ಎಪಿಡ್ಯೂರಲ್ ಕೊಡುವವರು ಇರುತ್ತಾರಾ, ಖರ್ಚು ಎಷ್ಟು? ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಆಗಲೇ ಹೇಳಿ, ಅಂಥವರಿಗೆ ಕೆಲವೊಮ್ಮೆ ಕೊಡಲು ಬರುವುದಿಲ್ಲ.

ಸಿಗದಿದ್ದರೆ, ಅಥವಾ ನಿಮಗೇ ಬೇಡವಾದರೆ, ಓಡಾಡುವುದು, ಸೊಂಟ ತಿಕ್ಕಿಸಿಕೊಳ್ಳುವುದು, ಬಿಸಿನೀರು, ನೋವು ಕಡಿಮೆ ಮಾಡುವ ಬೇರೆ ಇಂಜೆಕ್ಷನ್‌ಗಳು ಇವೆ. ಜೊತೆಗೆ ನಿಮಗೆ ಬೇಕಾದವರೊಬ್ಬರು ಇರಲಿ. 2017ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಲಕ್ಷ್ಯ ಕಾರ್ಯಕ್ರಮದಲ್ಲಿ, ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಜೊತೆಗಾರರಿಗೆ ಅವಕಾಶ ಇದೆ. ಬಿಡುವುದಿಲ್ಲ ಅಂದರೆ ಲಕ್ಷ್ಯದ ಹೆಸರು ಹೇಳಿಯೇ ಕೇಳಿ.