ನೋಟೂ ಕಾಗ್ದ ತಾನೆ ಕಣಣ್ಣ?

ಹೋದ ತಿಂಗಳು ಮಂಡ್ಯದ ಹತ್ತಿರ ನಮ್ಮ ಕಡೆಯವರದೊಂದು ಬೀಗರ ಊಟ ಇತ್ತು. ಮುದ್ದೆ, ಬೋಟಿ ಗೊಜ್ಜು, ಚಾಪ್ಸ್ ಎಲ್ಲ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ತೆಂಗಿನ ಮರದ ಕೆಳಗೆ ಕೂತಿದ್ದೆವು. ಚಿಕ್ಕಪ್ಪನ ಮಗ ಫೋನ್ ತೆಗೆದು ಬಿಟ್‌ಕಾಯಿನ್ ಅನ್ನುವ, ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಕೈ ಬದಲಾಗುವ ದುಡ್ಡಿನ ರೇಟು ತೋರಿಸಿದ. ಕಬ್ಬಿನ ದುಡ್ಡು ಬಂದಾಗ ಒಂದಿಷ್ಟು ಅದಕ್ಕೆ ಹಾಕಿದ್ದಾನಂತೆ. ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. "ಅದರಲ್ಲಿ ಏನಿದೆ ಅಂತ ಹಾಕಿದೆಯೋ?" ಅಂದೆ. ಅವನು ಜೇಬಿನಿಂದ ಐನೂರರ ನೋಟು ತೆಗೆದು ಮುಖಕ್ಕೆ ಹಿಡಿದ. "ಇದ್ರಲ್ಲಿ ಏನೈತೆ ಹೇಳು ಮತ್ತೆ? ಇದೂ ಕಾಗ್ದ ತಾನೆ ಕಣಣ್ಣ?"

ತಕ್ಷಣ ಉತ್ತರ ಹೊಳೆಯಲಿಲ್ಲ. ನಾಚಿಕೆಯ ವಿಷಯ ಏನೆಂದರೆ ನಾನಿರುವುದು ಮೈಸೂರಿನ ಮೇಟಗಳ್ಳಿ ಕಡೆ. ರಿಸರ್ವ್ ಬ್ಯಾಂಕಿನ ನೋಟು ಅಚ್ಚು ಹಾಕುವ ಜಾಗದ ಕಾಂಪೌಂಡ್ ಪಕ್ಕದಲ್ಲೇ ದಿನಾ ಸ್ಕೂಟರಿನಲ್ಲಿ ಹೋಗುತ್ತೇನೆ. ನೋಟಿಗೆ ಬೇಕಾದ ಕಾಗದ ಮಾಡುವ ಗಿರಣಿ ಕೂಡ ನಮ್ಮೂರಲ್ಲೇ ಇದೆ, ಮರದ ತಿರುಳಿನದಲ್ಲ, ಹತ್ತಿಯ ಕಾಗದ. ಒಳಗೆ ಹತ್ತಿ, ಹೊರಗೆ ಶಾಯಿ, ಅಷ್ಟೇ. ಒಂದು ಕಾಲದಲ್ಲಿ ರಣಧೀರ ಕಂಠೀರವರು ಹೊರಡಿಸಿದ ಕಂಠೀರಾಯಿ ಹಣವನ್ನು ಕರಗಿಸಿದರೂ ಕೊನೆಗೆ ಚಿನ್ನ ಉಳಿಯುತ್ತಿತ್ತು. ಈ ನೋಟು ಸುಟ್ಟರೆ ಬೂದಿ.

ಹಾಗಾದರೆ ಇದರ ಹಿಂದೆ ಚಿನ್ನ ಇಟ್ಟಿರುತ್ತಾರೆ ಅಲ್ವಾ ಅಂತ ಪಕ್ಕದಲ್ಲಿದ್ದ ನಮ್ಮ ದೊಡ್ಡಪ್ಪ ಕೇಳಿದರು. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ರಿಸರ್ವ್ ಬ್ಯಾಂಕ್ ಹತ್ತಿರ ಚಿನ್ನ ಇರುವುದು ನಿಜ, ಆದರೆ ನೋಟು ಹಿಡಿದುಕೊಂಡು ಹೋದರೆ ಗುಂಜಿ ಚಿನ್ನವನ್ನೂ ಕೊಡುವುದಿಲ್ಲ. ಹೊರದೇಶದ ಸರ್ಕಾರಗಳು ಡಾಲರ್ ತಂದರೆ 35 ಡಾಲರಿಗೆ ಒಂದು ಔನ್ಸ್ ಲೆಕ್ಕದಲ್ಲಿ ಚಿನ್ನ ಕೊಡುತ್ತಿದ್ದ ಅಮೆರಿಕವೇ 1971ರ ಆಗಸ್ಟ್ 15ರಂದು ಕೊಡುವುದಿಲ್ಲ ಅಂದುಬಿಟ್ಟಿತು. ನಿಕ್ಸನ್ ಅಲ್ಲಿ ಅಧ್ಯಕ್ಷರಾಗಿದ್ದ ಕಾಲ. ನೋಟಿನ ಮೇಲೆ ಗವರ್ನರ್ ಸಹಿ ಹಾಕಿ "ಕೊಡುತ್ತೇನೆ" ಅಂತ ಮಾತು ಕೊಟ್ಟಿರುತ್ತಾರಲ್ಲ, ಆ ಮಾತಿನ ಪ್ರಕಾರ ಐನೂರಕ್ಕೆ ಸಿಗುವುದು ಇನ್ನೊಂದು ಐನೂರರ ನೋಟು ಅಥವಾ ನೂರರ ಐದು ನೋಟು. ಅಂದರೆ ತಮ್ಮನ ಮಾತು ಅರ್ಧ ಸರಿ.

ಇನ್ನರ್ಧ ನನಗೆ ಹೊಳೆದಿದ್ದು ಬಸ್ಸಿನಲ್ಲಿ ವಾಪಸ್ ಬರುವಾಗ, ಶ್ರೀರಂಗಪಟ್ಟಣ ದಾಟಿದ ಮೇಲೆ. ಹಣದಲ್ಲಿ ಏನಿದೆ ಅನ್ನುವುದು ಪ್ರಶ್ನೆಯೇ ಅಲ್ಲ. ಅದನ್ನು ಯಾರು ತಗೊಳ್ಳಲೇಬೇಕು ಅನ್ನುವುದು ಪ್ರಶ್ನೆ. ನನ್ನ ಮನೆ ಕಂದಾಯಕ್ಕೆ ಪಾಲಿಕೆ ರೂಪಾಯಿ ಬೇಡ ಅನ್ನುವಂತಿಲ್ಲ. ಸೊಸೈಟಿ ಸಾಲ ತೀರಿಸಲು ಹೋದವನ ರೂಪಾಯಿಯನ್ನು ಸೊಸೈಟಿ ತಳ್ಳುವಂತಿಲ್ಲ. ದೇಶದ ಮೂಲೆ ಮೂಲೆಯಲ್ಲಿ ಕರೆಂಟು ಬಿಲ್ಲು, ಫೀಸು, ತೆರಿಗೆ, ಸಾಲ ಅಂತ ಕೋಟ್ಯಂತರ ಜನಕ್ಕೆ ರೂಪಾಯಿ ಬೇಕೇ ಬೇಕು, ಇಷ್ಟ ಇರಲಿ ಬಿಡಲಿ, ಅದಕ್ಕೇ ದೇವರಾಜ ಮಾರ್ಕೆಟ್ಟಿನ ಹೂವಿನವಳು ನನ್ನ ಮುಖ ನೋಡದೆಯೇ ನೋಟು ತೆಗೆದುಕೊಂಡು ಮೊಳ ಹಾಕುತ್ತಾಳೆ. ಬಿಟ್‌ಕಾಯಿನ್ ತಗೊಳ್ಳಲೇಬೇಕಾದವರು ನಮ್ಮ ದೇಶದಲ್ಲಿ ಒಬ್ಬರೂ ಇಲ್ಲ. ಮುಂದೆ ಯಾರೋ ಜಾಸ್ತಿ ಕೊಟ್ಟು ತಗೊಳ್ಳಬಹುದು ಅನ್ನುವ ಆಸೆ ಇದೆ, ಅಷ್ಟೇ. ತಮಾಷೆ ನೋಡಿ, 2022ರ ಬಜೆಟ್ಟಿನಿಂದ ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್ ಥರದ ಕಾಯಿನ್‌ಗಳ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಬಂತು, ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಆ ತೆರಿಗೆಯನ್ನು ಕಟ್ಟಬೇಕಾದದ್ದು ಕೂಡ ರೂಪಾಯಿಯಲ್ಲೇ!

ರಾತ್ರಿ ತಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವನು ಬಿಡಬೇಕಲ್ಲ. "ಬಿಟ್‌ಕಾಯಿನ್ ಇರೋದೇ ಎರಡು ಕೋಟಿ ಹತ್ತು ಲಕ್ಷ, ಒಂದೂ ಜಾಸ್ತಿ ಮಾಡಕ್ಕಾಗಲ್ಲ" ಅಂದ. ಸರಿ, ಲೆಕ್ಕ ಹಾಗೇ ಬರೆದಿದ್ದಾರೆ. 2009ರಲ್ಲಿ ಶುರುವಾದಾಗ ಒಂದು ಬ್ಲಾಕಿಗೆ, ಅಂದರೆ ಅದರ ಲೆಕ್ಕದ ಪುಸ್ತಕಕ್ಕೆ ಸೇರುವ ಒಂದೊಂದು ಪುಟಕ್ಕೆ, 50 ಹೊಸ ಕಾಯಿನ್ ಹುಟ್ಟುತ್ತಿದ್ದವು, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗುತ್ತಾ ಆಗುತ್ತಾ 2024ರಿಂದ 3.125 ಆಗಿದೆ. ಆದರೆ ಕಡಿಮೆ ಇದೆ ಅಂದಮಾತ್ರಕ್ಕೆ ಬೆಲೆ ಬರುತ್ತದಾ? ನಮ್ಮಜ್ಜಿ ಹೆಬ್ಬೆಟ್ಟು ಒತ್ತಿದ ಹಳೆಯ ಪತ್ರ ಪ್ರಪಂಚದಲ್ಲಿ ಒಂದೇ ಒಂದು ಇದೆ, ಯಾರೂ ಕೇಳಿಕೊಂಡು ಬಂದಿಲ್ಲ.

ಆಮೇಲೆ ಅವನು ಒಂದು ಒಳ್ಳೆ ಏಟು ಕೊಟ್ಟ. 2016ರ ನವೆಂಬರ್ 8. ರಾತ್ರಿ ಎಂಟು ಗಂಟೆಗೆ ಟೀವಿಯಲ್ಲಿ ಹೇಳಿದರು, ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದ ಸಾವಿರದ ನೋಟುಗಳು ನಡುರಾತ್ರಿಗೆ ನಡೆಯದಂತಾದವು. ಆ ಕ್ಯೂ ನನಗೂ ನೆನಪಿದೆ, ಎರಡು ದಿನ ಅಮ್ಮನ ಜೊತೆ ನಿಂತಿದ್ದೆ, ಬಿಸಿಲು ಬೇರೆ. ನೋಟಿನ ಹಿಂದೆ ಸರ್ಕಾರವೇ ನಿಂತಿದೆ ಅಂತ ನಂಬುವುದಕ್ಕೆ ತೆರುವ ಬೆಲೆ ಇದು, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕ್ಯೂನಲ್ಲಿ ನಿಲ್ಲಲು ಒಂದು ಕೌಂಟರ್ ಇತ್ತು. 2022ರ ಏಪ್ರಿಲ್‌ನಲ್ಲಿ ನೂರು ಡಾಲರ್ ದಾಟಿದ್ದ ಲೂನಾ ಅನ್ನುವ ಕಾಯಿನ್ ಮೇ ತಿಂಗಳ ನಡುವೆ ಪೈಸೆಗೂ ಬಾರದೆ ಹೋಯಿತಲ್ಲ, ಅದನ್ನು ಇಟ್ಟುಕೊಂಡವರು ಯಾವ ಬಾಗಿಲು ತಟ್ಟಬೇಕಿತ್ತು?

ರೂಪಾಯಿ ಏನು ಸಾಚಾ ಅಲ್ಲ. ನಮ್ಮ ಕಡೆ ಬೆಲ್ಲ ಮಾಡುವವರಿಗೆ ಗೊತ್ತು, ಮಳೆಗಾಲದಲ್ಲಿ ಅಚ್ಚು ನೀರು ಬಿಡುತ್ತದೆ. ರೂಪಾಯಿಯೂ ಹಾಗೇ, ಸುಮ್ನೆ ಇಟ್ಟರೆ ಸೊರಗುತ್ತದೆ. 1966ರ ಜೂನ್ ಮೊದಲು ಒಂದು ಡಾಲರಿಗೆ 4.76 ರೂಪಾಯಿ, ಈಗ ಎಂಬತ್ತು ದಾಟಿದೆ. ಜಿಂಬಾಬ್ವೆಯಲ್ಲಂತೂ 2009ರಲ್ಲಿ ನೂರು ಲಕ್ಷ ಕೋಟಿಯ ಒಂದೇ ನೋಟು ಬಂದಿತ್ತು. ಅಂಥ ಊರಿನಲ್ಲಿ ಇದ್ದಿದ್ದರೆ ನಾನೂ ಬಿಟ್‌ಕಾಯಿನ್ ಕಡೆ ಓಡುತ್ತಿದ್ದೆನೇನೋ.

ಆದರೆ ಇಲ್ಲಿ ಬೇಸಾಯ ಮಾಡುವವನಿಗೆ? ಕಬ್ಬು ನಾಟಿ ಮಾಡಿ ಕಡಿಯುವುದಕ್ಕೆ ಒಂದು ವರ್ಷ ಬೇಕು. ಸಾಲವನ್ನು ಬಿಟ್‌ಕಾಯಿನ್ ಲೆಕ್ಕದಲ್ಲಿ ತಗೊಂಡ ಅಂದುಕೊಳ್ಳಿ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿತ್ತು, ಮುಂದಿನ ನವೆಂಬರಿಗೆ 17,000ಕ್ಕಿಂತ ಕೆಳಗೆ ಇಳಿಯಿತು. ಕೊಟ್ಟವನು ಮುಳುಗಿದ. ಆಗ ತಗೊಂಡವನು ಇನ್ನೊಂದು ವರ್ಷ ಬಿಟ್ಟು ತೀರಿಸಲು ಹೋದರೆ 37,000 ಆಸುಪಾಸು, ಬಡ್ಡಿ ಇಲ್ಲದೆಯೇ ಸಾಲ ಎರಡು ಪಟ್ಟು. ಕಬ್ಬಿನ ರೇಟು ಎರಡು ಪಟ್ಟು ಆಗಿರುತ್ತದಾ? ಆಳಿಗೆ ಕೂಲಿ, ಅಂಗಡಿಗೆ ಬಾಡಿಗೆ, ಮಗಳ ಮದುವೆಗೆ ಚೀಟಿ, ಯಾವುದನ್ನೂ ಇಂಥ ಅಳತೆಯಲ್ಲಿ ಮಾತಾಡಿಕೊಳ್ಳಲು ಆಗುವುದಿಲ್ಲ. ಸೇರು ಬೆಳಿಗ್ಗೆ ದೊಡ್ಡದಾಗಿ ಸಂಜೆ ಚಿಕ್ಕದಾದರೆ ಅದರಲ್ಲಿ ರಾಗಿ ಅಳೆಯುತ್ತೀರಾ? 2010ರಲ್ಲಿ ಅಮೆರಿಕದ ಒಬ್ಬರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟರಂತೆ, ಆ ಕಥೆ ಕೇಳಿದ ಮೇಲೆ ಯಾರಿಗೆ ಅದನ್ನು ಖರ್ಚು ಮಾಡಲು ಮನಸ್ಸು ಬರುತ್ತದೆ?

ಲಾಭ ಮಾಡಿದವರು ಇದ್ದಾರೆ, ಇಲ್ಲ ಅನ್ನಲಾರೆ. ಸೈಟು ತಗೊಂಡು ಮಾರಿದವರೂ ಮಾಡಿದ್ದಾರೆ. ಆದರೆ ಸೈಟನ್ನು ಯಾರೂ ದುಡ್ಡು ಅನ್ನುವುದಿಲ್ಲ.

ಮೊನ್ನೆ ಭಾನುವಾರ ತಮ್ಮ ಮತ್ತೆ ಫೋನ್ ಮಾಡಿದ. ಬಿತ್ತನೆ ಕಬ್ಬಿಗೆ, ಗೊಬ್ಬರಕ್ಕೆ ಇಪ್ಪತ್ತು ಸಾವಿರ ಬೇಕಿತ್ತಂತೆ. "ಕಾಯಿನ್ ಮಾರಬಾರದೇನೋ?" ಅಂದೆ. "ಈಗ ಬ್ಯಾಡ ಕಣಣ್ಣ, ಏರ್ತಾ ಐತೆ." ಫೋನಿನಲ್ಲೇ ಹಾಕಿದೆ. ಎರಡು ನಿಮಿಷಕ್ಕೆ ಗೊಬ್ಬರದ ಅಂಗಡಿಯಿಂದಲೇ ಮೆಸೇಜ್ ಬಂತು, "ಬಂತಣ್ಣ, ಕೊಟ್ಬುಟ್ಟೆ" ಅಂತ.