ಕೊಂಬೆಯ ಕುತ್ತಿಗೆ

ಪುಣೆಯ ಕೊಥ್ರೂಡಿನ ನಮ್ಮ ಅಂಗಳದಲ್ಲಿ ಕಳೆದ ಸೋಮವಾರ ಮಾವಿನ ಮರವನ್ನು ಸವರಿಸಿದೆವು. ಅಂದು ಮರ ಹತ್ತಿದವರು ಹೇಳಿದ ಮಾತು ವಾರ ಕಳೆದರೂ ನನ್ನ ತಲೆಯಿಂದ ಹೋಗಿಲ್ಲ.

ಚಾವಣಿಗೆ ಒರಗಿದ್ದ ಎರಡು ಕೊಂಬೆಗಳನ್ನಷ್ಟೇ ತೆಗೆಯಬೇಕಿತ್ತು. ಮಹಾರಾಷ್ಟ್ರದ ನಗರಗಳಲ್ಲಿ ಸ್ವಂತ ಅಂಗಳದ ಮರವಾದರೂ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಹಾಗೆಯೇ ಇರಬೇಕು. ಪಾಲಿಕೆಯಿಂದ ನಮಗೆ ಸಿಕ್ಕ ಪತ್ರದಲ್ಲಿಯೂ ಎರಡೇ ಕೊಂಬೆಗಳೆಂದು ಬರೆದಿತ್ತು. ಆದರೆ ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳು ಕಾಂಪೌಂಡಿನ ಬಳಿ ಬಂದು, ಮಳೆಗಾಲದಲ್ಲಿ ಮರ ಉರುಳಿದರೆ ಹೊಣೆ ಯಾರು, ನೆತ್ತಿಯಿಂದಲೇ ಕತ್ತರಿಸಿಬಿಡಿ ಎಂದು ಮರಾಠಿಯಲ್ಲಿ ಒತ್ತಾಯಿಸತೊಡಗಿದರು. ಕೆಟ್ಟವರಲ್ಲ, ಆದರೆ ಹತ್ತು ವರ್ಷ ಆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದವರು ಒಮ್ಮೆಯೂ ತಲೆಯೆತ್ತಿ ಅದನ್ನು ನೋಡಿದವರಲ್ಲ ಎಂದು ನನಗೆ ಅನ್ನಿಸುತ್ತದೆ.

ಮರದ ಮೇಲಿದ್ದವರು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಡೆಯವರು, ನಿಂಬೆ ತೋಟಗಳಲ್ಲಿ ಬೆಳೆದವರು. ಅವರು ಗರಗಸ ನಿಲ್ಲಿಸಿ ನನಗೆ ಹೇಳಿದರು: "ಟೊಂಗಿಗೆ ಕುತ್ತಿಗಿ ಇರತೈತ್ರಿ ಅಕ್ಕಾರ, ಅದನ್ನ ಗಿಡಕ್ಕ ಬಿಟ್ಟು ಕೊಯ್ಯಬೇಕು. ನೆತ್ತಿಗೆ ಕುತ್ತಿಗಿ ಎಲ್ಲೈತಿ? ಅಲ್ಲಿ ಕೊಯ್ದ್ರ ಗಾಯ ಮುಚ್ಚೂದಿಲ್ಲ. ನಾ ಕೊಯ್ಯಂಗಿಲ್ರಿ."

ಅನಂತರ ಅವರು ಕೊಯ್ದ ರೀತಿಯನ್ನು ನಾನು ಕೆಳಗೆ ನಿಂತು ನೋಡಿದೆ. ಕಾಂಡದಿಂದ ಒಂದು ಮೊಳ ದೂರದಲ್ಲಿ ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದರು. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದಾಗ, ಹಗ್ಗ ಬಿಗಿದಿದ್ದ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗದೆ ಮುರಿದು ಇಳಿಯಿತು. ಉಳಿದ ಮೋಟನ್ನು ಕೊನೆಗೆ ತೆಗೆದರು. ಕೊಂಬೆ ಕಾಂಡವನ್ನು ಸೇರುವಲ್ಲಿ ತೊಗಟೆ ಸುಕ್ಕುಗಟ್ಟಿ ಉಬ್ಬಿರುತ್ತದೆಯಲ್ಲ, ಆ ಉಬ್ಬಿಗೆ ಗರಗಸದ ಹಲ್ಲು ತಾಗಲಿಲ್ಲ, ಅದರಾಚೆ ಮೋಟೂ ಉಳಿಯಲಿಲ್ಲ.

ಅವರು ಕುತ್ತಿಗೆಯೆಂದದ್ದು ಆ ಉಬ್ಬನ್ನೇ. ಗಾಯವನ್ನು ಸುತ್ತುಗಟ್ಟುವ ಹೊಸ ಅಂಗಾಂಶ ಬೆಳೆಯುವುದು ಅಲ್ಲಿಂದ. ಮರಕ್ಕೆ ನಮ್ಮ ಚರ್ಮದಂತೆ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಅದು ಒಳಗಿನಿಂದ ಗೋಡೆ ಕಟ್ಟಿಕೊಂಡು ಹೊರಗೆ ಹೊಸ ಕಟ್ಟಿಗೆಯ ಪದರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ ಇದನ್ನು ವಿವರಿಸಿದರು, ಅವರ ಹೊತ್ತಗೆ 1977ರಲ್ಲಿ ಬಂತು. ನೆತ್ತಿ ಹಾರಿಸಿದ ಮರವೂ ಚಿಗುರುತ್ತದೆ, ಆದರೆ ಆ ಚಿಗುರುಗಳು ತೊಗಟೆಯ ಕೆಳಗಿನಿಂದಲೇ ಹೊರಟಿರುವುದರಿಂದ ಅವುಗಳ ಹಿಡಿತ ಸಡಿಲ, ಕೆಳಗಿನ ಕಾಂಡಕ್ಕೆ ಕೊಳೆತ ಇಳಿದಿರುತ್ತದೆ. ಬಿದ್ದೀತೆಂಬ ಭಯಕ್ಕೆ ನೆತ್ತಿ ಕತ್ತರಿಸಿದ ಮರವೇ ಕೆಲವು ವರ್ಷಗಳಲ್ಲಿ ಗಾಳಿಗೆ ಮುರಿಯುವ ಕೊಂಬೆಗಳನ್ನು ಹೊರುತ್ತದೆ. ಮಾವಿಗೆ ಇನ್ನೊಂದು ನಷ್ಟವಿದೆ: ಹಣ್ಣು ಕೊಯ್ದ ನಂತರ ಬಂದ ಚಿಗುರು ಬಲಿತರೆ ತಾನೇ ಚಳಿಗಾಲದಲ್ಲಿ ಹೂ ಬಿಡುವುದು? ನೆತ್ತಿ ಹಾರಿಸಿದರೆ ಮುಂದಿನ ಫಸಲು ಹೋದಂತೆಯೇ.

ಮಳೆಗೆ ಮುಂಚೆ ಊರಲ್ಲೆಲ್ಲ ನಡೆಯುವ ಕಟಾವನ್ನು ನೋಡಿದಾಗಲೆಲ್ಲ ಆ ಮಾತು ನನಗೆ ಮತ್ತೆ ಕೇಳಿಸುತ್ತಿದೆ. ನಿರ್ಧರಿಸುವವರು ಕೆಳಗೆ ನಿಂತಿರುತ್ತಾರೆ, ಬಲ್ಲವರು ಮೇಲೆ ಹಗ್ಗಕ್ಕೆ ಜೋತಿರುತ್ತಾರೆ, ಮೇಲಿನವರನ್ನು ಯಾರೂ ಕೇಳುವುದಿಲ್ಲ. ಬೇಡವೆಂದರೆ ಅಂದಿನ ಕೂಲಿ ತಪ್ಪುವ ಸ್ಥಿತಿಯಲ್ಲಿ ಎಷ್ಟು ಜನ ಕೊಯ್ಯುವುದಿಲ್ಲ ಎನ್ನಬಲ್ಲರು? ಇವರು ಹಾಗೆ ಅಂದರು. ಆ ದಿನ ನಾವು ಕೊಟ್ಟದ್ದು ಎಲ್ಲರೂ ಕೊಡುವ ಕೂಲಿಯಲ್ಲ. ಕೊಟ್ಟದ್ದು ಹೆಚ್ಚೆಂದು ಪಕ್ಕದ ಮನೆಯವರು ಹೇಳಿದರು, ನನಗೆ ಕಡಿಮೆಯೆಂದೇ ಅನ್ನಿಸಿತು.

ಅನುಮತಿ ಪತ್ರದಲ್ಲಿ ಎಷ್ಟು ಕೊಂಬೆ ಎಂದು ಬರೆದಿತ್ತು, ಎಲ್ಲಿ ಕೊಯ್ಯಬೇಕೆಂದು ಇರಲಿಲ್ಲ. ಆ ಒಂದು ಸಾಲನ್ನು ಸೇರಿಸಬೇಕೆಂದು ಕೋರಿ ಮರಾಠಿಯಲ್ಲಿ ಅರ್ಜಿ ಬರೆದಿದ್ದೇನೆ. ನಮ್ಮ ಮರದ ಹೊಸ ಗಾಯದ ಫೋಟೊವನ್ನು ಅದಕ್ಕೆ ಲಗತ್ತಿಸಿ ಬರುವ ಸೋಮವಾರ ವಾರ್ಡ್ ಕಚೇರಿಗೆ ಕೊಡುತ್ತೇನೆ.